ಜನ ಬರೆದ ಸಂವಿಧಾನ ಹೊಸ್ತಿಲಲ್ಲೇ ನಿಂತದ್ದು: ಐಸ್‌ಲೆಂಡಿನ ಒಂದು ಪ್ರಕರಣ

2012ರ ಅಕ್ಟೋಬರ್ 20ರಂದು ಐಸ್‌ಲೆಂಡಿನ ಮತದಾರರ ಕೈಗೆ ಆರು ಪ್ರಶ್ನೆಗಳಿದ್ದ ಮತಪತ್ರ ಬಂತು. ಮೊದಲನೆಯದು ಹೀಗಿತ್ತು: ಸಂವಿಧಾನ ಮಂಡಳಿ ಬರೆದುಕೊಟ್ಟ ಕರಡನ್ನು ಹೊಸ ಸಂವಿಧಾನಕ್ಕೆ ಆಧಾರವಾಗಿ ಇಟ್ಟುಕೊಳ್ಳಬೇಕೇ? ಮತ ಹಾಕಿದವರಲ್ಲಿ ಮೂರರಲ್ಲಿ ಎರಡು ಪಾಲು ಜನ ಹೌದು ಎಂದರು. ಆರು ತಿಂಗಳು ಕಳೆಯಿತು. ಸಂಸತ್ತಿನ ಚುನಾವಣೆ ನಡೆಯಿತು. ಆ ಕರಡಿನ ಬಗ್ಗೆ ಒಲವೇ ಇಲ್ಲದ ಎರಡು ಪಕ್ಷಗಳಿಗೆ ಅದೇ ದೇಶದ ಮತದಾರರು ಅಧಿಕಾರ ಕೊಟ್ಟರು. ಜನ ಒಪ್ಪಿದ ಸಂವಿಧಾನ ಇಂದಿಗೂ ಜಾರಿಗೆ ಬಂದಿಲ್ಲ.

ಜನರ ಮನಸ್ಸು ಚಂಚಲ ಎಂದು ಷರಾ ಬರೆದು ಈ ಕಡತವನ್ನು ಮುಚ್ಚುವವರು ಬಹಳ ಮಂದಿ ಇದ್ದಾರೆ. ನನಗೆ ಅದು ಒಪ್ಪಿಗೆಯಿಲ್ಲ. ಐದು ವರ್ಷಗಳಲ್ಲಿ ಆದ ಒಂದೊಂದು ನಿರ್ಧಾರವನ್ನೂ ಬಿಡಿಸಿ ನೋಡಿದರೆ ಬೇರೆಯೇ ಚಿತ್ರ ಕಾಣುತ್ತದೆ. ಇಲ್ಲಿ ಯಾವ ವ್ಯಕ್ತಿಯ ಹೆಸರನ್ನೂ ಬರೆದಿಲ್ಲ. ಪ್ರಧಾನಿ, ನ್ಯಾಯಮೂರ್ತಿ, ಮಂಡಳಿಯ ಸದಸ್ಯ ಎಂದಷ್ಟೇ ಹೇಳಿದ್ದೇನೆ. ಹೆಸರು ಬಂದ ಕೂಡಲೇ ಮಾತು ಯಾರು ಒಳ್ಳೆಯವರು, ಯಾರು ಕೆಟ್ಟವರು ಎಂಬ ಕಡೆಗೆ ಹರಿದುಬಿಡುತ್ತದೆ. ನಮಗೆ ಬೇಕಾದದ್ದು ಯಾವ ಹೊತ್ತಿನಲ್ಲಿ ಯಾವ ಬಾಗಿಲು ತೆರೆಯಿತು, ಯಾವುದು ಮುಚ್ಚಿತು ಎಂಬುದು.

ಹಿನ್ನೆಲೆ

ಆಗ ಐಸ್‌ಲೆಂಡಿನ ಇಡೀ ಜನಸಂಖ್ಯೆ ಸುಮಾರು 3.2 ಲಕ್ಷ. 2011ರ ಜನಗಣತಿಯ ಪ್ರಕಾರ ನಮ್ಮ ಶಿವಮೊಗ್ಗ ನಗರವೊಂದರಲ್ಲೇ ಅಷ್ಟು ಜನರಿದ್ದರು. ಆದರೆ ಆ ಪುಟ್ಟ ದೇಶದ ಸಂಸತ್ತು 'ಆಲ್‌ಥಿಂಗ್' ಕ್ರಿ.ಶ. 930ರಲ್ಲಿ ಥಿಂಗ್ವೆಟ್ಲಿರ್ ಎಂಬ ಬಯಲಿನಲ್ಲಿ ಮೊದಲು ಸೇರಿದ್ದು. ಇಂದು ಅದರಲ್ಲಿ 63 ಸದಸ್ಯರು.

ಸಂವಿಧಾನ ಮಾತ್ರ ಅವರದೇ ಬರವಣಿಗೆಯಲ್ಲ. 1874ರಲ್ಲಿ ಡೆನ್ಮಾರ್ಕಿನ ದೊರೆ ಕೊಟ್ಟ ಪಠ್ಯವೇ ಅದರ ತಾಯಿಬೇರು. 1944ರಲ್ಲಿ, ಡೆನ್ಮಾರ್ಕ್ ಇನ್ನೂ ಜರ್ಮನ್ ಸೇನೆಯ ಹಿಡಿತದಲ್ಲಿದ್ದಾಗ, ಐಸ್‌ಲೆಂಡ್ ಗಣರಾಜ್ಯವಾಯಿತು. ಆ ಅವಸರದಲ್ಲಿ ದೊರೆ ಎಂದಿದ್ದ ಕಡೆ ರಾಷ್ಟ್ರಾಧ್ಯಕ್ಷ ಎಂದು ಬದಲಿಸಿ, ಉಳಿದದ್ದನ್ನು ಬಹುಪಾಲು ಹಾಗೆಯೇ ಇಟ್ಟುಕೊಂಡರು. ಸದ್ಯಕ್ಕೆ ಇದಿರಲಿ, ಆಮೇಲೆ ಸಾವಕಾಶವಾಗಿ ಹೊಸದನ್ನು ಬರೆಯೋಣ ಎಂಬ ಮಾತಿತ್ತು. ಜನಮತಗಣನೆಯಲ್ಲಿ ನೂರಕ್ಕೆ 98ರಷ್ಟು ಮತದಾರರು ಬಂದು ಮತ ಹಾಕಿದರು. ಸಮಿತಿಗಳ ಮೇಲೆ ಸಮಿತಿಗಳಾದವು. 1995ರಲ್ಲಿ ಮಾನವ ಹಕ್ಕುಗಳ ಅಧ್ಯಾಯ ಹೊಸದಾಯಿತು. ಒಟ್ಟು ಕಟ್ಟಡ ಮಾತ್ರ ಹಳೆಯದೇ ಉಳಿಯಿತು.

ಎರಡು ಕೊರಗುಗಳು ಒಳಗೊಳಗೇ ಬೆಳೆಯುತ್ತಿದ್ದವು. ಒಂದು, ಮತದ ತೂಕ. ವಾಯವ್ಯದ ಗ್ರಾಮೀಣ ಕ್ಷೇತ್ರದ ಒಬ್ಬ ಮತದಾರನ ಮತ ರಾಜಧಾನಿಯ ಅಂಚಿನ ಕ್ಷೇತ್ರದವನ ಮತಕ್ಕಿಂತ ಹತ್ತಿರಹತ್ತಿರ ಎರಡು ಪಟ್ಟು ಭಾರ. ಇನ್ನೊಂದು, ಮೀನು. 1980ರ ದಶಕದಲ್ಲಿ ಬಂದ, ಯಾರು ಎಷ್ಟು ಮೀನು ಹಿಡಿಯಬಹುದು ಎಂದು ಗೊತ್ತುಮಾಡುವ ಕೋಟಾ ಪದ್ಧತಿಯನ್ನು 1990ರ ಕಾನೂನು ಪೂರ್ಣವಾಗಿ ಮಾರಾಟಕ್ಕೆ ಒಗ್ಗುವಂತೆ ಮಾಡಿತು. ಹಿಡಿಯುವ ಹಕ್ಕು ಕೈಯಿಂದ ಕೈಗೆ ಮಾರಿ ಹೋಯಿತು. ಕಡಲ ಮುಂದೆಯೇ ಇರುವ ಹಳ್ಳಿಗಳಲ್ಲಿ ದೋಣಿ ಕಟ್ಟೆಗೆ ಬಂದು ನಿಂತಿತು, ಕೋಟಾ ಬೇರೆ ಊರಿನ ಕಂಪನಿಯದಾಯಿತು. ಕಡಲು ಯಾರದು ಎಂಬ ಪ್ರಶ್ನೆ ಅಲ್ಲಿ ಪುಸ್ತಕದ ಪ್ರಶ್ನೆಯಲ್ಲ, ಊಟದ ಪ್ರಶ್ನೆ.

ನಂಬಿಕೆ ಕುಸಿದ ಚಳಿಗಾಲ

2008ರ ಅಕ್ಟೋಬರಿನ ಒಂದೇ ವಾರದಲ್ಲಿ ದೇಶದ ಮೂರೂ ದೊಡ್ಡ ಬ್ಯಾಂಕುಗಳು ಬಿದ್ದವು: ಗ್ಲಿಟ್ನಿರ್, ಲ್ಯಾಂಡ್ಸ್‌ಬಾಂಕಿ, ಕೌಪ್‌ಥಿಂಗ್. ಅವುಗಳ ಗಾತ್ರ ದೇಶದ ವಾರ್ಷಿಕ ಉತ್ಪನ್ನದ ಒಂಬತ್ತು-ಹತ್ತು ಪಟ್ಟಿಗೆ ಬೆಳೆದಿತ್ತು. ದೇಶದ ನಾಣ್ಯ ಕ್ರೋನಾದ ಬೆಲೆ ನೆಲಕಚ್ಚಿತು. ವಿದೇಶಿ ಕರೆನ್ಸಿಯಲ್ಲಿ ಮನೆಸಾಲ, ಕಾರುಸಾಲ ಮಾಡಿದವರ ಬಾಕಿ ನೋಡನೋಡುತ್ತ ದುಪ್ಪಟ್ಟಿನತ್ತ ಏರಿತು. ಸ್ವದೇಶಿ ಸಾಲವೂ ಬೆಲೆಯೇರಿಕೆಯ ಸೂಚ್ಯಂಕಕ್ಕೆ ಕಟ್ಟಿದ್ದಾದ್ದರಿಂದ, ಕಂತು ಕಟ್ಟುತ್ತಿದ್ದಂತೆಯೇ ಅಸಲು ಬೆಳೆಯುತ್ತಿತ್ತು. ಈ ಸಾಲದ ಮಾತು ನೆನಪಿನಲ್ಲಿರಲಿ. ಪ್ರಕರಣದ ಕೊನೆಯಲ್ಲಿ ಅದು ಮತ್ತೆ ಬರುತ್ತದೆ.

ಪ್ರತಿ ಶನಿವಾರ ಜನ ಸಂಸತ್ತಿನ ಮುಂದಿನ ಔಸ್ಟುರ್ವೊಟ್ಲುರ್ ಚೌಕದಲ್ಲಿ ಸೇರತೊಡಗಿದರು. 2009ರ ಜನವರಿ 20ರಂದು ರಜೆ ಮುಗಿಸಿ ಸಂಸತ್ತು ಸೇರಿದಾಗ ಜನ ಅಡುಗೆಮನೆಯ ಪಾತ್ರೆ, ಸೌಟು ಹಿಡಿದು ಬಂದು ಬಡಿದರು. ಒಳಗೆ ಭಾಷಣ ನಡೆಯುತ್ತಿದ್ದರೆ ಹೊರಗಿನ ಸದ್ದು ಗೋಡೆ ದಾಟಿ ಬರುತ್ತಿತ್ತು. 1949ರ ನಂತರ ಮೊದಲ ಬಾರಿಗೆ ಪೊಲೀಸರು ಅಶ್ರುವಾಯು ಬಳಸಿದರು. ತಿಂಗಳು ಮುಗಿಯುವುದರೊಳಗೆ ಸರ್ಕಾರ ರಾಜೀನಾಮೆ ಕೊಟ್ಟಿತು. ಕುಸಿತಕ್ಕೆ ಮುಂಚೆ ನೂರಕ್ಕೆ 40ರ ಆಸುಪಾಸಿನ ಜನ ಸಂಸತ್ತನ್ನು ನಂಬುತ್ತೇವೆ ಎನ್ನುತ್ತಿದ್ದರು; 2009ರಲ್ಲಿ ಆ ಸಂಖ್ಯೆ 13ಕ್ಕೆ ಇಳಿದಿತ್ತು. ನಾರ್ಡಿಕ್ ದೇಶವೊಂದರಲ್ಲಿ ಇದು ಸಣ್ಣ ಮಾತಲ್ಲ. ಸರ್ಕಾರವನ್ನು ನಂಬುವುದು ಅಲ್ಲಿ ನಿತ್ಯಬದುಕಿನ ನೆಲಗಟ್ಟು.

ಇಲ್ಲಿ ಒಂದು ಸೂಕ್ಷ್ಮವಿದೆ. ಜನ ಕಳೆದುಕೊಂಡದ್ದು ಸಂಸತ್ತಿನ ಮೇಲಿನ ನಂಬಿಕೆಯನ್ನು, ಪ್ರಜಾಪ್ರಭುತ್ವದ ಮೇಲಿನದನ್ನಲ್ಲ. ಕುಸಿತದ ತನಿಖಾ ವರದಿ 2010ರ ಏಪ್ರಿಲ್‌ನಲ್ಲಿ ಹಲವು ಸಂಪುಟಗಳಲ್ಲಿ ಬಂದಾಗ ರೇಕ್ಯಾವಿಕ್ ನಗರ ರಂಗಮಂದಿರದ ನಟರು ಸರದಿಯ ಮೇಲೆ ಹಗಲೂ ರಾತ್ರಿ ಅದನ್ನು ಮೊದಲ ಪುಟದಿಂದ ಗಟ್ಟಿಯಾಗಿ ಓದಿದರು. ಸರ್ಕಾರಿ ವರದಿಯನ್ನು ಪಾರಾಯಣ ಮಾಡಿದ ಜನರನ್ನು ರಾಜಕೀಯದ ಬಗ್ಗೆ ಉದಾಸೀನರು ಎನ್ನಲು ಬಾರದು.

ಮೊದಲ ತಿರುವು, ಯಾರೂ ಹೆಚ್ಚು ಮಾತಾಡದ್ದು

ಹಳೆಯ ಸಂವಿಧಾನದ 79ನೇ ವಿಧಿ ಒಂದು ಜೋಡಿ ಬೀಗ. ತಿದ್ದುಪಡಿಯನ್ನು ಸಂಸತ್ತು ಅಂಗೀಕರಿಸಬೇಕು. ಕೂಡಲೇ ಸಂಸತ್ತು ವಿಸರ್ಜನೆಯಾಗಿ ಚುನಾವಣೆ ನಡೆಯಬೇಕು. ಹೊಸ ಸಂಸತ್ತು ಅದನ್ನೇ ಒಂದಕ್ಷರ ಬದಲಿಸದೆ ಮತ್ತೆ ಅಂಗೀಕರಿಸಬೇಕು. ಚರ್ಚಿನ ಸ್ಥಾನಮಾನದ ವಿಷಯವೊಂದನ್ನು ಬಿಟ್ಟರೆ ಜನಮತಗಣನೆಗೆ ಅಲ್ಲಿ ಜಾಗವಿಲ್ಲ.

2009ರ ವಸಂತದಲ್ಲಿ, ಚುನಾವಣೆಗೆ ಕೆಲವೇ ವಾರ ಇದ್ದಾಗ, ರಾಜೀನಾಮೆಯ ನಂತರ ಬಂದ ಅಲ್ಪಮತದ ಸರ್ಕಾರ ಒಂದು ತಿದ್ದುಪಡಿ ತಂದಿತು. ನೈಸರ್ಗಿಕ ಸಂಪತ್ತು ರಾಷ್ಟ್ರದ್ದು ಎನ್ನುವುದು, ಮುಂದಿನ ತಿದ್ದುಪಡಿಗಳು ಜನಮತಗಣನೆಯಿಂದಲೇ ತೀರ್ಮಾನವಾಗುವುದು, ಜನರು ಆರಿಸಿದ ಸಂವಿಧಾನ ಸಭೆ ಸೇರುವುದು ಅದರಲ್ಲಿದ್ದವು. ಚುನಾವಣೆ ಹೇಗೂ ಬಾಗಿಲಲ್ಲಿತ್ತು, ಜೋಡಿ ಬೀಗದ ಎರಡೂ ಸುತ್ತು ಸಲೀಸಾಗಿ ತಿರುಗಬಹುದಾಗಿದ್ದ ಕಾಲ. ಮುಖ್ಯ ವಿರೋಧಪಕ್ಷ ದಿನಗಟ್ಟಲೆ ಭಾಷಣ ಮಾಡಿ ಸಮಯ ತಿಂದಿತು. ಸರ್ಕಾರ ಮಸೂದೆ ಕೈಬಿಟ್ಟು ಚುನಾವಣೆಗೆ ಹೊರಟಿತು.

ನನ್ನ ಲೆಕ್ಕದಲ್ಲಿ ಪ್ರಕರಣದ ಅರ್ಧ ಇಲ್ಲೇ ಮುಗಿಯಿತು. ಆಮೇಲೆ ಜನ ಏನು ಮಾಡಿದರೂ ಅದು ಸಲಹೆ ಮಾತ್ರ. ಬೀಗದ ಕೈ ಇದ್ದದ್ದು ಯಾರ ಅಧಿಕಾರಕ್ಕೆ ಮಿತಿ ಹಾಕಬೇಕಿತ್ತೋ ಅವರ ಜೇಬಿನಲ್ಲೇ.

ಜನರನ್ನು ಕರೆದದ್ದು

ಕರೆದ ರೀತಿ ಮಾತ್ರ ಸೊಗಸಾಗಿತ್ತು. 2009ರ ನವೆಂಬರ್ 14ರಂದು ನಾಗರಿಕ ಗುಂಪುಗಳು ತಾವಾಗಿಯೇ ಸುಮಾರು 1,500 ಜನರ ಸಭೆ ಸೇರಿಸಿದವು. ಹೆಚ್ಚಿನವರನ್ನು ಜನಸಂಖ್ಯಾ ನೋಂದಣಿಯಿಂದ ಲಾಟರಿಯಂತೆ ಎತ್ತಿದ್ದರು. ದೇಶ ಯಾವ ಮೌಲ್ಯದ ಮೇಲೆ ನಿಲ್ಲಬೇಕು ಎಂದು ಮೇಜು ಮೇಜಿನಲ್ಲೂ ಕೇಳಿದಾಗ ಎಲ್ಲಕ್ಕಿಂತ ಹೆಚ್ಚು ಬಂದ ಪದ 'ಪ್ರಾಮಾಣಿಕತೆ'. ಮರುವರ್ಷ ನವೆಂಬರ್ 6ರಂದು ಅಧಿಕೃತವಾಗಿಯೇ ಸುಮಾರು 950 ಜನರ ರಾಷ್ಟ್ರೀಯ ಸಭೆ ಸೇರಿತು.

ಬೆನ್ನಿಗೇ 2010ರ ನವೆಂಬರ್ 27ರಂದು ಸಂವಿಧಾನ ಸಭೆಗೆ ಚುನಾವಣೆ. 25 ಸ್ಥಾನಕ್ಕೆ 522 ಅಭ್ಯರ್ಥಿಗಳು. ಹಾಲಿ ಸಂಸದರು ನಿಲ್ಲುವಂತಿರಲಿಲ್ಲ. ಪಕ್ಷದ ಚಿಹ್ನೆ ಇಲ್ಲ, ದೊಡ್ಡ ಪ್ರಚಾರವೂ ಇಲ್ಲ. ಪ್ರತಿ ಅಭ್ಯರ್ಥಿಗೆ ಒಂದು ಸಂಖ್ಯೆ; ಮತದಾರರು ತಮಗೆ ಬೇಕಾದವರ ಸಂಖ್ಯೆಗಳನ್ನು ಇಷ್ಟದ ಕ್ರಮದಲ್ಲಿ ಬರೆಯಬೇಕು. ಐನೂರು ಚಿಲ್ಲರೆ ಮುಖಗಳಲ್ಲಿ ಯಾರನ್ನೆಂದು ಆರಿಸುವುದು? ಬಂದವರು ನೂರಕ್ಕೆ ಸುಮಾರು 37 ಮಾತ್ರ.

ಆಯ್ಕೆಯಾದವರಲ್ಲಿ ಪ್ರಾಧ್ಯಾಪಕರು, ವೈದ್ಯ, ಪಾದ್ರಿ, ರೈತ, ರಂಗ ನಿರ್ದೇಶಕಿ, ಅಂಗವಿಕಲರ ಹಕ್ಕಿಗಾಗಿ ದುಡಿಯುವ ತರುಣಿ ಎಲ್ಲರೂ ಇದ್ದರು. ಆದರೆ ಬಹುತೇಕರು ರಾಜಧಾನಿಯ ಸುತ್ತಿನವರು. ಮೀನಿನ ಹಳ್ಳಿಗಳ ಕೊರಗು ಈ ಕೆಲಸದ ಮೂಲದಲ್ಲಿದ್ದರೂ ಆ ಹಳ್ಳಿಗಳ ದನಿ ಮೇಜಿನ ಸುತ್ತ ತೆಳುವಾಗಿತ್ತು.

ನ್ಯಾಯಾಲಯದ ತೀರ್ಪು, ಮತ್ತು ಒಂದು ಅಡ್ಡದಾರಿ

2011ರ ಜನವರಿ 25ರಂದು ಸುಪ್ರೀಂ ಕೋರ್ಟ್ ಈ ಚುನಾವಣೆಯನ್ನು ರದ್ದು ಮಾಡಿತು. ಕಾರಣಗಳನ್ನು ಓದಿದರೆ ಮೊದಲು ಇಷ್ಟೇನಾ ಅನಿಸುತ್ತದೆ: ಮತಪತ್ರದ ಮೇಲೆ ಕ್ರಮಸಂಖ್ಯೆ ಇತ್ತು, ಮತಗಟ್ಟೆಯ ಮರೆ ರಟ್ಟಿನ ಹಲಗೆಯದು, ಪಕ್ಕದವನು ಇಣುಕಬಹುದಿತ್ತು, ಮತಪತ್ರ ಮಡಚದೆ ಹಾಕಿಸಿದ್ದರು, ಪೆಟ್ಟಿಗೆಗೆ ಸರಿಯಾದ ಬೀಗವಿರಲಿಲ್ಲ, ಎಣಿಕೆಯ ವೇಳೆ ಅಭ್ಯರ್ಥಿಗಳ ಪ್ರತಿನಿಧಿಗಳಿರಲಿಲ್ಲ. ಮೋಸ ನಡೆದಿದೆ ಎಂದು ನ್ಯಾಯಾಲಯ ಹೇಳಲಿಲ್ಲ. ಗುಟ್ಟು ಉಳಿಯುವ ಭರವಸೆ ಇರಲಿಲ್ಲ ಎಂದಿತು.

ಸರ್ಕಾರದ ಮುಂದೆ ಎರಡು ದಾರಿಗಳಿದ್ದವು. ದೋಷ ತಿದ್ದಿ ಮತ್ತೆ ಚುನಾವಣೆ ಮಾಡುವುದು. ಅದಕ್ಕೆ ಹಣ ಬೇಕು, ಕಾಲ ಬೇಕು, ಈ ಸಲ ನೂರಕ್ಕೆ ಮೂವತ್ತು ಮಂದಿಯೂ ಬಾರದಿದ್ದರೆ ಎಂಬ ಅಳುಕು ಬೇರೆ. ಇಲ್ಲವೇ ಗೆದ್ದ 25 ಮಂದಿಯನ್ನೇ ಸಂಸತ್ತಿನ ನಿರ್ಣಯದ ಮೂಲಕ ನೇಮಿಸಿ 'ಸಂವಿಧಾನ ಮಂಡಳಿ' ಎಂದು ಕರೆಯುವುದು. ಮಾರ್ಚ್‌ನಲ್ಲಿ ಎರಡನೆಯದನ್ನು ಆರಿಸಿಕೊಂಡರು. 63 ಸದಸ್ಯರಲ್ಲಿ ಅದಕ್ಕೆ ಹೌದು ಎಂದವರು 30 ಮಂದಿ. ಗೆದ್ದವರಲ್ಲಿ ಒಬ್ಬರು ನೇಮಕ ಒಪ್ಪಲಿಲ್ಲ. ಮುಂದಿನ ಸಾಲಿನವರು ಬಂದರು.

ಆ ಹೊತ್ತಿನಲ್ಲಿ ಅದು ಜಾಣ ಉಪಾಯವೆನಿಸಿರಬೇಕು. ಜನರ ಆಯ್ಕೆ ವ್ಯರ್ಥವಾಗಬಾರದು ಎಂಬ ಕಾಳಜಿಯೂ ಅದರ ಹಿಂದೆ ಇತ್ತು. ಆದರೂ ನನಗೆ ಇದು ದೊಡ್ಡ ತಪ್ಪಾಗಿಯೇ ಕಾಣುತ್ತದೆ. ಜನ ಆರಿಸಿದವರು ರಾತ್ರೋರಾತ್ರಿ ಸಂಸತ್ತು ನೇಮಿಸಿದವರಾದರು. ಮುಂದೆ ಕರಡನ್ನು ಇಷ್ಟಪಡದವರು ಅದರ ಒಂದು ವಿಧಿಯನ್ನೂ ಚರ್ಚಿಸಬೇಕಾಗಲಿಲ್ಲ. ನಿಮ್ಮನ್ನು ನೇಮಿಸಿದ್ದು ಯಾರು ಎಂದು ಕೇಳಿದರೆ ಸಾಕಾಗುತ್ತಿತ್ತು. ಮರುಚುನಾವಣೆಯ ಖರ್ಚು ಉಳಿಯಿತು. ವಾದಕ್ಕೆ ಮಾತ್ರ ಬಡ್ಡಿ ಬೆಳೆಯುತ್ತಲೇ ಹೋಯಿತು.

ನಾಲ್ಕು ತಿಂಗಳ ಕೆಲಸ

2011ರ ಏಪ್ರಿಲ್‌ನಿಂದ ಜುಲೈವರೆಗೆ ಮಂಡಳಿ ಕೆಲಸ ಮಾಡಿತು. ವಾರ ವಾರವೂ ಕರಡನ್ನು ವೆಬ್‌ಸೈಟಿನಲ್ಲಿ ಹಾಕುತ್ತಿದ್ದರು, ಸಭೆಗಳು ನೇರಪ್ರಸಾರವಾಗುತ್ತಿದ್ದವು, ಫೇಸ್‌ಬುಕ್‌ನಲ್ಲಿ ಜನ ತಿದ್ದುಪಡಿ ಸೂಚಿಸುತ್ತಿದ್ದರು. ಸಾವಿರಾರು ಟಿಪ್ಪಣಿಗಳು ಬಂದವು. ಜುಲೈ ಕೊನೆಗೆ 114 ವಿಧಿಗಳ ಕರಡನ್ನು 25 ಸದಸ್ಯರೂ ಒಮ್ಮತದಿಂದ ಒಪ್ಪಿದರು. ಎಲ್ಲರೂ ಒಂದೇ ಮೇಜಿನ ಸುತ್ತ ಕೂರುವ ನ್ಯಾಯದ ಸಮಾಜ ಬೇಕು ಎಂಬ ಆಶಯದಿಂದ ಅದು ಆರಂಭವಾಗುತ್ತದೆ. ಪಂಕ್ತಿಭೇದದ ನೋವು ಬಲ್ಲ ನಮಗೆ ಆ ಸಾಲಿನ ಅರ್ಥವನ್ನು ಯಾರೂ ವಿವರಿಸಬೇಕಾಗಿಲ್ಲ.

ಖಾಸಗಿ ಒಡೆತನದಲ್ಲಿಲ್ಲದ ನೈಸರ್ಗಿಕ ಸಂಪತ್ತು ರಾಷ್ಟ್ರದ ಶಾಶ್ವತ ಆಸ್ತಿ. ಎಲ್ಲ ಮತಗಳಿಗೂ ಸಮ ತೂಕ. ನೂರಕ್ಕೆ ಹತ್ತು ಮತದಾರರು ಸಹಿ ಹಾಕಿದರೆ ಸಂಸತ್ತು ಮಾಡಿದ ಕಾನೂನು ಜನರ ಮುಂದೆ ಬರಬೇಕು. ಇಂಥವು ಅದರ ಮುಖ್ಯ ಅಂಶಗಳು. ಹಳೆಯ ಎರಡು ಕೊರಗುಗಳಿಗೂ ನೇರ ಉತ್ತರವಿತ್ತು.

ಜನ ಹೌದು ಎಂದದ್ದು, ಎಷ್ಟು ಜನ ಎಂಬ ತಕರಾರು

ಕರಡು ಸಂಸತ್ತಿನ ಮೇಜಿನ ಮೇಲೆ ಒಂದು ವರ್ಷಕ್ಕೂ ಹೆಚ್ಚು ಕಾಲ ಕೂತಿತು. 2012ರ ಜೂನ್ 30ರ ಅಧ್ಯಕ್ಷ ಚುನಾವಣೆಯ ಜೊತೆಗೇ ಜನಮತಗಣನೆ ಮಾಡುವ ಯೋಚನೆಯಿತ್ತು. ಅದಕ್ಕೆ ಬೇಕಾದ ನಿರ್ಣಯ ಗಡುವಿನೊಳಗೆ ಆಗದಂತೆ ವಿರೋಧಪಕ್ಷ ಮತ್ತೆ ಭಾಷಣಗಳಲ್ಲಿ ಹೊತ್ತು ಕಳೆಯಿತು. ಜೂನ್‌ನಲ್ಲಿ ನೂರಕ್ಕೆ 69ರಷ್ಟು ಜನ ಮತಗಟ್ಟೆಗೆ ಬಂದಿದ್ದರು. ಅಕ್ಟೋಬರಿನ ಒಂಟಿ ಜನಮತಗಣನೆಗೆ ಬಂದವರು 49.

ಸಂಪತ್ತು ರಾಷ್ಟ್ರದ್ದು ಎಂಬುದಕ್ಕೆ ನೂರಕ್ಕೆ 83 ಒಪ್ಪಿಗೆ. ಹತ್ತರಲ್ಲಿ ಏಳಕ್ಕೂ ಹೆಚ್ಚು ಮಂದಿ ಜನಮತಗಣನೆ ಕೇಳುವ ಹಕ್ಕು ಬೇಕೆಂದರು. ಮಂಡಳಿ ಕೈಬಿಟ್ಟಿದ್ದ ರಾಷ್ಟ್ರೀಯ ಚರ್ಚಿನ ಉಲ್ಲೇಖ ಇರಲಿ ಎಂದು ನೂರಕ್ಕೆ 57 ಮಂದಿ ಹೇಳಿದರು. ಈ ಕೊನೆಯ ಉತ್ತರ ನನಗೆ ಬಹಳ ಮುಖ್ಯ. ಮೊದಲ ಪ್ರಶ್ನೆಯಲ್ಲಿ ಮಂಡಳಿಯನ್ನು ಒಪ್ಪಿದವರೇ ಇನ್ನೊಂದರಲ್ಲಿ ಅದರ ಮಾತು ಮೀರಿದ್ದರು. ಜನ ಓದಿಯೇ ಮತ ಹಾಕಿದ್ದರು.

ಅರ್ಧ ಜನವೂ ಬಂದಿಲ್ಲವಲ್ಲ ಎಂಬುದು ವಿರೋಧಿಗಳ ಮಾತು. ಇದಕ್ಕೆ ಉತ್ತರ ಅದೇ ದೇಶದ, ಅದೇ ವರ್ಷಗಳ ಇನ್ನೊಂದು ಅನುಭವದಲ್ಲಿದೆ. ಐಸ್‌ಸೇವ್ ಎಂಬ ಆನ್‌ಲೈನ್ ಖಾತೆಗಳಲ್ಲಿ ಬ್ರಿಟನ್, ನೆದರ್ಲೆಂಡ್ಸ್‌ನ ಠೇವಣಿದಾರರು ಕಳೆದುಕೊಂಡ ಹಣವನ್ನು ಐಸ್‌ಲೆಂಡಿನ ತೆರಿಗೆದಾರರು ತುಂಬಬೇಕೇ ಎಂಬ ವಿವಾದ ಎದ್ದಿತ್ತು. ಅಧ್ಯಕ್ಷರು ಎರಡು ಸಲ ಕಾನೂನಿಗೆ ಸಹಿ ಹಾಕದೆ ಜನರ ಮುಂದಿಟ್ಟರು. 2010ರ ಮಾರ್ಚ್‌ನಲ್ಲಿ ನೂರಕ್ಕೆ 63, 2011ರ ಏಪ್ರಿಲ್‌ನಲ್ಲಿ 75 ಜನ ಬಂದರು, ಎರಡು ಸಲವೂ ಬೇಡವೆಂದರು, ಕಾನೂನು ಬಿದ್ದುಹೋಯಿತು. ಅಲ್ಲಿ ಮತ ಬಿದ್ದ ದಿನವೇ ಫಲ ಕಾಣುತ್ತಿತ್ತು. ಸಂವಿಧಾನದ ಜನಮತಗಣನೆಯಲ್ಲಿ ಮತದಾರನಿಗೆ ಮೊದಲೇ ಗೊತ್ತಿತ್ತು, ಇದು ಸಲಹೆ ಮಾತ್ರ. ತನ್ನ ಮಾತು ನಡೆಯುತ್ತದೆಯೋ ಇಲ್ಲವೋ ಎಂದು ಅಳೆದು ಮನೆಯಲ್ಲಿ ಕೂತವನನ್ನು ಉದಾಸೀನ ಎನ್ನುವುದು ಅನ್ಯಾಯ.

ಕೊನೆಯ ವಾರಗಳು

2013ರ ಮಾರ್ಚ್. ಏಪ್ರಿಲ್ 27ಕ್ಕೆ ಚುನಾವಣೆ ನಿಗದಿಯಾಗಿದೆ. ಜೋಡಿ ಬೀಗದ ಮೊದಲ ಸುತ್ತು ತಿರುಗಿಸಲು ಇದೇ ಕಾಲ. ವೆನಿಸ್ ಆಯೋಗವೆಂದು ಕರೆಯುವ ಯುರೋಪಿನ ಸಂವಿಧಾನ ತಜ್ಞರ ಮಂಡಳಿ, ಕರಡಿನ ಹಲವು ಕಡೆ ಮಾತು ಸಡಿಲವಾಗಿದೆ, ವ್ಯವಸ್ಥೆ ಜಟಿಲವಾಗಿದೆ ಎಂದು ಟೀಕಿಸಿತ್ತು. ಅದರಲ್ಲಿ ಹುರುಳಿದ್ದ ಮಾತುಗಳೂ ಇದ್ದವು. ನಾಲ್ಕೇ ತಿಂಗಳಲ್ಲಿ ಬರೆದದ್ದಕ್ಕೆ ಇನ್ನಷ್ಟು ನೇಯ್ಗೆ ಬೇಕಿತ್ತು. ಆದರೆ ಸಂಸತ್ತು ತಿದ್ದಿಯೂ ಅಂಗೀಕರಿಸಲಿಲ್ಲ, ತಿರಸ್ಕರಿಸಲೂ ಇಲ್ಲ. ಮಸೂದೆಯನ್ನು ಮತಕ್ಕೆ ಹಾಕದೆಯೇ ಅಧಿವೇಶನ ಮುಗಿಸಿದರು. ಬೇಡ ಎಂದಿದ್ದರೆ ಬೇಡ ಎಂದವರು ಯಾರೆಂದಾದರೂ ದಾಖಲೆಯಲ್ಲಿ ಉಳಿಯುತ್ತಿತ್ತು.

ಬದಲಿಗೆ ಕೊಟ್ಟದ್ದು ಒಂದು ತಾತ್ಕಾಲಿಕ ವಿಧಿ: 2017ರ ಏಪ್ರಿಲ್ 30ರವರೆಗೆ, ಸಂಸತ್ತಿನಲ್ಲಿ ಮತ ಹಾಕಿದವರ ಮೂರರಲ್ಲಿ ಎರಡು ಪಾಲು ಸದಸ್ಯರೂ ಜನಮತಗಣನೆಯಲ್ಲಿ ಒಟ್ಟು ಮತದಾರರ ನೂರಕ್ಕೆ 40 ಮಂದಿಯೂ ಒಪ್ಪಿದರೆ ಚುನಾವಣೆ ಇಲ್ಲದೆ ತಿದ್ದುಪಡಿ ಮಾಡಬಹುದು. ಅದನ್ನು ಬಳಸಿ ಒಂದು ಪದವನ್ನೂ ಬದಲಿಸಲಿಲ್ಲ. ಗಡುವು ಮುಗಿಯಿತು.

ಇನ್ನು ಏಪ್ರಿಲ್ ಚುನಾವಣೆ. ನೂರಕ್ಕೆ 81 ಜನ ಬಂದರು. ಅಧಿಕಾರದಲ್ಲಿದ್ದ ಸೋಷಿಯಲ್ ಡೆಮಾಕ್ರಟರು 20 ಸ್ಥಾನದಿಂದ 9ಕ್ಕೆ ಇಳಿದರು. ಮುಖ್ಯ ವಿರೋಧಪಕ್ಷವಾಗಿದ್ದ ಇಂಡಿಪೆಂಡೆನ್ಸ್ ಪಕ್ಷಕ್ಕೂ ಪ್ರೋಗ್ರೆಸಿವ್ ಪಕ್ಷಕ್ಕೂ ತಲಾ 19. ಇದೇ ಪ್ರೋಗ್ರೆಸಿವ್ ಪಕ್ಷ 2009ರಲ್ಲಿ ಅಲ್ಪಮತದ ಸರ್ಕಾರಕ್ಕೆ ಬೆಂಬಲ ಕೊಡಲು ಸಂವಿಧಾನ ಸಭೆಯನ್ನೇ ಷರತ್ತಾಗಿ ಇಟ್ಟಿತ್ತು. ನಾಲ್ಕು ವರ್ಷದ ನಂತರ ಅದು ಹಿಡಿದ ಘೋಷಣೆ ಮನೆಸಾಲದ ಭಾರ ಇಳಿಸುವುದು.

ಸಾಲದ ಮಾತು ಮರಳಿ ಬಂದದ್ದು ಇಲ್ಲಿ. ಐದು ವರ್ಷ ಕಂತು ಕಟ್ಟಿ, ಅಸಲು ಮೊದಲಿಗಿಂತ ಜಾಸ್ತಿಯಾಗಿರುವ ಕಾಗದವನ್ನು ಅಡುಗೆಮನೆಯ ಮೇಜಿನ ಮೇಲಿಟ್ಟುಕೊಂಡ ಗಂಡಹೆಂಡತಿ ಮತಗಟ್ಟೆಗೆ ಹೋಗುತ್ತಾರೆ. ಅವರ ಕೈಲಿರುವುದು ಒಂದೇ ಮತ. ಅದರಲ್ಲೇ ಸಾಲವೂ ಮೀನೂ ಸಂವಿಧಾನವೂ ಸೇರಿಕೊಂಡಿವೆ. ಅಕ್ಟೋಬರಿನಲ್ಲಿ ಪ್ರಶ್ನೆಗಳನ್ನು ಬಿಡಿಬಿಡಿಯಾಗಿ ಕೇಳಿದಾಗ ಅವರು ಬಿಡಿಬಿಡಿಯಾಗಿ ಸ್ಪಷ್ಟ ಉತ್ತರ ಕೊಟ್ಟಿದ್ದರು. ಏಪ್ರಿಲ್‌ನಲ್ಲಿ ಎಲ್ಲವನ್ನೂ ಒಂದೇ ಗಂಟಾಗಿ ಕಟ್ಟಿ ಕೇಳಿದಾಗ, ಉಸಿರು ಕಟ್ಟಿಸುತ್ತಿದ್ದ ಸಾಲಕ್ಕೆ ಮೊದಲು ಉತ್ತರ ಹೇಳಿದರು. ಎರಡೂ ಉತ್ತರಗಳು ಅವರವೇ, ಎರಡೂ ಪ್ರಾಮಾಣಿಕ.

ಕಲಿಯುವವರಿಗೆ

ಸಂಸದರನ್ನು ಪೂರ್ತಿ ಹೊರಗಿಟ್ಟದ್ದರಿಂದ ಕರಡಿಗೆ ಸ್ವಚ್ಛತೆ ಬಂತು, ಆದರೆ ಸಂಸತ್ತಿನ ಒಳಗೆ ಅದಕ್ಕೆ ತಾಯಿ-ತಂದೆ ಇಲ್ಲದಾಯಿತು. ಇದನ್ನು ನಾನು ಬಹಳ ಕಾಲ ಒಪ್ಪಿರಲಿಲ್ಲ. ಬ್ಯಾಂಕುಗಳನ್ನು ಕಾಯಲಾಗದವರು ಸಂವಿಧಾನ ಬರೆಯುವ ಮೇಜಿಗೆ ಯಾಕೆ ಬರಬೇಕು ಎಂದೇ ಅನಿಸುತ್ತಿತ್ತು. ಈಗ ಹಾಗನಿಸುವುದಿಲ್ಲ. ಕೊನೆಯ ಮತ ಅವರದೇ ಆಗಿರುವಾಗ, ಕೆಲವರನ್ನಾದರೂ ಮೇಜಿಗೆ ಕರೆದಿದ್ದರೆ ಕೊನೆಯ ವಾರದಲ್ಲಿ ಎದ್ದು ನಿಂತು ಇದನ್ನು ಮತಕ್ಕೆ ಹಾಕಿ ಎಂದು ಪಟ್ಟು ಹಿಡಿಯುವವರು ಇರುತ್ತಿದ್ದರು. ಇಲ್ಲವೇ ಕೊನೆಯ ಮತವನ್ನೇ 2009ರಲ್ಲಿ ಜನರಿಗೆ ವರ್ಗಾಯಿಸಬೇಕಿತ್ತು. ಎರಡನ್ನೂ ಬಿಟ್ಟದ್ದು ಮುಳುವಾಯಿತು.

ಜನ ಮರೆತರೇ? 2020ರ ಅಕ್ಟೋಬರಿನಲ್ಲಿ, ಜನಮತಗಣನೆಗೆ ಎಂಟು ವರ್ಷ ತುಂಬಿದಾಗ, ಹೊಸ ಸಂವಿಧಾನ ಬೇಕೆಂದು 43,000ಕ್ಕೂ ಹೆಚ್ಚು ಸಹಿಗಳು ಸಂಸತ್ತಿಗೆ ಬಂದವು. ಚಳವಳಿಯ ಮುಂಚೂಣಿಯಲ್ಲಿ ಯುವತಿಯರಿದ್ದರು. ರೇಕ್ಯಾವಿಕ್‌ನ ಗೋಡೆಯೊಂದರ ಮೇಲೆ 'ಹೊಸ ಸಂವಿಧಾನ ಎಲ್ಲಿ?' ಎಂಬ ಬರಹ ಆಳೆತ್ತರದ ಅಕ್ಷರಗಳಲ್ಲಿ ಮೂಡಿತು.

ಮರುವರ್ಷ, 2021ರ ಸೆಪ್ಟೆಂಬರಿನಲ್ಲಿ, ಸಂಸತ್ ಚುನಾವಣೆ. ವಾಯವ್ಯ ಕ್ಷೇತ್ರದಲ್ಲಿ ಎಣಿಕೆ ಮುಗಿದ ಮೇಲೆ ಮತಪತ್ರಗಳನ್ನು ಮೊಹರು ಮಾಡದೆ ಬೋರ್ಗರ್‌ನೆಸ್ ಊರಿನ ಹೋಟೆಲೊಂದರ ಕೋಣೆಯಲ್ಲಿ ಬಿಟ್ಟಿದ್ದರು. ಮತದಾನದ ಮರುದಿನ ಮತ್ತೆ ಎಣಿಸಿದಾಗ ಸಂಖ್ಯೆಗಳು ಬದಲಾದವು, ದೇಶದ ಬೇರೆಬೇರೆ ಕಡೆ ಐವರು ಸ್ಥಾನ ಕಳೆದುಕೊಂಡು ಬೇರೆ ಐವರು ಬಂದರು. ಹಳೆಯ ಸಂವಿಧಾನದ 46ನೇ ವಿಧಿಯ ಪ್ರಕಾರ ಸಂಸತ್ ಚುನಾವಣೆ ಸಿಂಧುವೋ ಅಲ್ಲವೋ ಎಂದು ತೀರ್ಮಾನಿಸುವುದು ಸಂಸತ್ತೇ. ನವೆಂಬರ್ 25ರಂದು ಸಂಸತ್ತು ಎರಡನೇ ಎಣಿಕೆಯನ್ನು ಒಪ್ಪಿಕೊಂಡಿತು. ಹತ್ತು ವರ್ಷದ ಹಿಂದೆ ರಟ್ಟಿನ ಮರೆಗಾಗಿ ಜನರ ಸಂವಿಧಾನ ಸಭೆಯ ಚುನಾವಣೆಯನ್ನೇ ರದ್ದು ಮಾಡಿದ್ದ ದೇಶದಲ್ಲಿ ಇದು ನಡೆಯಿತು.

2024ರ ಏಪ್ರಿಲ್‌ನಲ್ಲಿ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ ಇದರಲ್ಲಿ ಹಕ್ಕುಚ್ಯುತಿಯಾಗಿದೆ ಎಂದು ತೀರ್ಪು ಕೊಟ್ಟಿತು: ದೂರು ಕೇಳುವವರು ಪಕ್ಷಪಾತವಿಲ್ಲದವರಾಗಿರಬೇಕು, ತಾವೇ ಗೆದ್ದ ಚುನಾವಣೆಯ ಬಗ್ಗೆ ತಾವೇ ತೀರ್ಪು ಕೊಡುವಂತಿರಬಾರದು. 25 ಮಂದಿ 2011ರ ಬೇಸಿಗೆಯಲ್ಲಿ ಬರೆದ ಕರಡಿನಲ್ಲಿ ಆ ಅಧಿಕಾರವನ್ನು ಸಂಸತ್ತಿನಿಂದ ತೆಗೆದು ಚುನಾವಣಾ ಮಂಡಳಿಗೆ ಕೊಟ್ಟಿದ್ದರು. 2024ರ ನವೆಂಬರ್ 30ರ ಚುನಾವಣೆ 46ನೇ ವಿಧಿಯ ಅಡಿಯಲ್ಲೇ ನಡೆಯಿತು.